ವಾಲ್ಯೂಮ್ ಪೆಡಲಿನ ಕಿರುಗುಟ್ಟುವ ಸದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಟಾರ್, ಪೆಡಲ್ ಸ್ಟೀಲ್, ಕೀಬೋರ್ಡ್ ಅಥವಾ ವಿದ್ಯುತ್ ಪಿಟೀಲು ನುಡಿಸುವವರು ಧ್ವನಿಯ ಮಟ್ಟವನ್ನು ಕಾಲಿನಿಂದಲೇ ಏರಿಸಿ ಇಳಿಸಲು ಬಳಸುವ ವಾಲ್ಯೂಮ್ ಪೆಡಲ್ ಕೆಲವು ವರ್ಷ ದುಡಿದ ಮೇಲೆ ಕಿರುಗುಟ್ಟಲು, ಟಕ್ಕೆನ್ನಲು ಇಲ್ಲವೇ ಅದುರಲು ಆರಂಭಿಸುವುದು ಸಾಮಾನ್ಯ. ಅಬ್ಬರದ ಸಂಗೀತದ ನಡುವೆ ಅದು ಯಾರ ಕಿವಿಗೂ ಬೀಳದಿರಬಹುದು. ಆದರೆ ಮೌನದಿಂದ ಮೆಲ್ಲನೆ ಮೇಲೇಳುವ ಸ್ವರಕ್ಕಾಗಿಯೇ ಈ ಸಾಧನವನ್ನು ಇಟ್ಟುಕೊಂಡವರಿಗೆ, ಅದೇ ಮೌನದಲ್ಲಿ ಕೇಳಿಬರುವ ಕೀರಲು ಸದ್ದು ಸಹಿಸಲಾಗದ ಕಿರಿಕಿರಿಯಾಗುತ್ತದೆ. ಕೆಳಗಿನ ಉತ್ತರಗಳೆಲ್ಲದರ ಹಿಂದೆ ಒಂದೇ ನಿಲುವಿದೆ: ಮೊದಲು ಸದ್ದು ಹುಟ್ಟುವ ಜಾಗವನ್ನು ಖಚಿತಪಡಿಸಿಕೊಳ್ಳಬೇಕು, ಆಮೇಲೆ ಸಡಿಲವಾದುದನ್ನು ಬಿಗಿ ಮಾಡಬೇಕು, ಆಮೇಲೆ ಕೊಳೆಯನ್ನು ಒರೆಸಬೇಕು, ಎಣ್ಣೆ, ಗ್ರೀಸುಗಳ ಸರದಿ ಎಲ್ಲಕ್ಕಿಂತ ಕೊನೆಯದು.

ಪ್ರಶ್ನೆ: ನನ್ನ ಪೆಡಲಿನ ಸದ್ದು ಯಾಂತ್ರಿಕವಾದದ್ದೋ ವಿದ್ಯುತ್ತಿಗೆ ಸಂಬಂಧಿಸಿದ್ದೋ ಎಂದು ತಿಳಿಯುವುದು ಹೇಗೆ?

ಪೆಡಲಿಗೆ ಸೇರಿಸಿರುವ ಎಲ್ಲ ಕೇಬಲ್‌ಗಳನ್ನೂ ಕಿತ್ತು, ಆಂಪ್ಲಿಫೈಯರನ್ನು ಆರಿಸಿ, ನಿಶ್ಶಬ್ದವಾದ ಕೋಣೆಯಲ್ಲಿ ಪೆಡಲನ್ನು ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ತುಳಿಯಿರಿ. ಆಗಲೂ ಸದ್ದು ಕೇಳಿಸಿದರೆ ಅದು ಯಾಂತ್ರಿಕವಾದದ್ದು. ಕೋಣೆಯಲ್ಲಿ ಏನೂ ಕೇಳಿಸದೆ, ಕೇಬಲ್ ಜೋಡಿಸಿ ಆಂಪ್ಲಿಫೈಯರ್ ಹಚ್ಚಿದಾಗ ಮಾತ್ರ ಸ್ಪೀಕರಿನಲ್ಲಿ ಕರಕರ ಎಂದು ಕೇಳಿಸಿದರೆ, ಅದು ಒಳಗಿನ ಪೊಟೆನ್ಷಿಯೋಮೀಟರಿನ (ತಿರುಗಿಸಿದಂತೆ ಧ್ವನಿಯ ಮಟ್ಟವನ್ನು ಬದಲಿಸುವ ಬಿಡಿಭಾಗದ) ಅಥವಾ ಸಂಪರ್ಕಗಳ ದೋಷ. ಮೂರನೆಯ ಬಗೆಯೊಂದಿದ್ದು, ಹೆಚ್ಚಿನವರನ್ನು ಗೊಂದಲಕ್ಕೆ ತಳ್ಳುವುದು ಅದೇ: ಕಾಲಿನ ಹೊಡೆತ ಅಥವಾ ಪೆಡಲಿನ ಅದುರಾಟ ಕೇಬಲ್, ಜ್ಯಾಕ್ ಅಥವಾ ವಾದ್ಯದ ನಾದವನ್ನು ವಿದ್ಯುತ್ತಾಗಿ ಬದಲಿಸುವ ಪಿಕಪ್ಪಿನ ಮೂಲಕ ವಿದ್ಯುತ್ ಸಂಕೇತದೊಳಕ್ಕೆ ನುಸುಳಿ ಸ್ಪೀಕರಿನಲ್ಲಿ ದಡ್ಡೆಂದು ಕೇಳಿಸುವುದು. ಮೂಲ ಯಾಂತ್ರಿಕವಾದರೂ ಕೇಳಿಸುವುದು ಸ್ಪೀಕರಿನಲ್ಲಿ. ಇದಕ್ಕೆ ಕೆಳಗೆ ಪ್ರತ್ಯೇಕ ಉತ್ತರವಿದೆ.

ಪ್ರಶ್ನೆ: ಪೆಡಲಿನ ಒಳಗೆ ಸದ್ದು ಮಾಡಬಲ್ಲದ್ದು ಏನಿರುತ್ತದೆ?

ಬಹುತೇಕ ಪೆಡಲುಗಳಲ್ಲಿ ಕಾಲಿಡುವ ತುಳಿಹಲಗೆ ಒಂದು ಕೀಲಿನ ಮೇಲೆ ತೂಗುತ್ತದೆ. ಆ ತೂಗಾಟವನ್ನು ಯಾವುದಾದರೊಂದು ಏರ್ಪಾಡು ತಿರುಗುವಿಕೆಯಾಗಿ ಬದಲಿಸಿ ಪೊಟೆನ್ಷಿಯೋಮೀಟರಿಗೆ, ಅಂದರೆ ವಾದ್ಯಗಾರರ ಮಾತಿನಲ್ಲಿ ಪಾಟ್‌ಗೆ, ತಲುಪಿಸುತ್ತದೆ. ಈ ಏರ್ಪಾಡಿನಲ್ಲಿ ಎರಡು ಬಗೆಗಳು ಬಹಳ ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಗಟ್ಟಿಯಾದ ದಾರವೊಂದು ಪಾಟ್‌ನ ರಾಟೆಯನ್ನು ಸುತ್ತಿಕೊಂಡು ಹೋಗುತ್ತದೆ, ಒಂದು ಸ್ಪ್ರಿಂಗ್ ಆ ದಾರವನ್ನು ಸದಾ ಬಿಗಿಯಾಗಿ ಎಳೆದಿಡುತ್ತದೆ. ಅರ್ನಿ ಬಾಲ್ ಸಂಸ್ಥೆಯ ವಿಪಿ ಜೂನಿಯರ್ ಇದಕ್ಕೆ ಹೆಸರಾಂತ ಉದಾಹರಣೆ. ಎರಡನೆಯದರಲ್ಲಿ ನೇರವಾದ ಹಲ್ಲುಪಟ್ಟಿಯೊಂದು ಮೇಲೆ ಕೆಳಗೆ ಚಲಿಸುತ್ತ ಪಾಟ್‌ನ ತುದಿಯಲ್ಲಿರುವ ಚಿಕ್ಕ ಹಲ್ಲುಚಕ್ರವನ್ನು ತಿರುಗಿಸುತ್ತದೆ. ವಾ-ವಾ ಪೆಡಲುಗಳಲ್ಲಿ ಕಾಣುವುದೂ ಇದೇ ವ್ಯವಸ್ಥೆ. ಡನ್ಲಪ್ ಸಂಸ್ಥೆಯ ವಾಲ್ಯೂಮ್ ಎಕ್ಸ್ ಪೆಡಲಿನಲ್ಲಿ ದಾರದ ಜಾಗದಲ್ಲಿ ಪಟ್ಟಿಯಿದೆ. ಮಾರ್ಲಿ ಪೆಡಲುಗಳಲ್ಲಿ ಧ್ವನಿಯ ಮಟ್ಟವನ್ನು ಪಾಟ್ ಬದಲು ಬೆಳಕಿನ ಮೂಲಕ ನಿಯಂತ್ರಿಸಲಾಗುತ್ತದೆ, ಲೀಲೆ ಪೆಡಲುಗಳಲ್ಲಿ ಕಾಂತೀಯ ಸಂವೇದಕದ ಮೂಲಕ. ನಿಮ್ಮದು ಯಾವ ಬಗೆ ಎಂದು ತಿಳಿಯಲು ಸಾಮಾನ್ಯವಾಗಿ ತಳದ ತಗಡನ್ನು ತೆಗೆದು ನೋಡಿದರೆ ಸಾಕು.

ಪ್ರಶ್ನೆ: ಕಿರುಗುಟ್ಟುವ ಸದ್ದು ಹುಟ್ಟುವುದಾದರೂ ಏಕೆ?

ಎರಡು ಮೇಲ್ಮೈಗಳು ಒಂದನ್ನೊಂದು ಒತ್ತಿಕೊಂಡು ಜಾರುವಾಗ, ನಿಂತಲ್ಲಿಂದ ಕದಲಿಸಲು ಬೇಕಾಗುವ ಬಲ, ಕದಲಿದ ಮೇಲೆ ಜಾರಿಸುತ್ತಿರಲು ಬೇಕಾಗುವ ಬಲಕ್ಕಿಂತ ಹೆಚ್ಚಾಗಿದ್ದರೆ, ಅವು ನುಣುಪಾಗಿ ಜಾರುವುದಿಲ್ಲ. ಕ್ಷಣಕಾಲ ಅಂಟಿಕೊಳ್ಳುತ್ತವೆ, ತಟಕ್ಕನೆ ಬಿಟ್ಟುಕೊಳ್ಳುತ್ತವೆ, ಮತ್ತೆ ಅಂಟಿಕೊಳ್ಳುತ್ತವೆ. ಒಂದು ಸೆಕೆಂಡಿಗೆ ನೂರಾರು ಬಾರಿ ಹೀಗಾದಾಗ ಅದು ಸ್ವರವಾಗಿ ಕೇಳಿಸುತ್ತದೆ. ಪಿಟೀಲಿನ ತಂತಿಯನ್ನು ಕಮಾನು ನುಡಿಸುವುದೂ ಇದೇ ಕ್ರಿಯೆಯಿಂದ. ವ್ಯತ್ಯಾಸವೆಂದರೆ ಅಲ್ಲಿ ರಾಳ ಹಚ್ಚಿ ಬೇಕೆಂದೇ ಬರಮಾಡಿಕೊಳ್ಳುತ್ತೇವೆ, ಇಲ್ಲಿ ಧೂಳು, ತುಕ್ಕು, ಒಣಗಿ ಅಂಟಾದ ಹಳೆಯ ಗ್ರೀಸುಗಳು ರಾಳದ ಕೆಲಸವನ್ನು ಕೇಳದೆಯೇ ಮಾಡುತ್ತವೆ. ಪೆಡಲಿನ ಟೊಳ್ಳು ಲೋಹದ ಪೆಟ್ಟಿಗೆ ಆ ಸಣ್ಣ ಸದ್ದನ್ನು ಹಿಗ್ಗಿಸುತ್ತದೆ. ಹೀಗೆ ಅಂಟಿ ಬಿಡುವುದರಿಂದಲೇ ಸದ್ದಿನ ಜೊತೆಗೆ ಪೆಡಲು ತುಸು ತಡವರಿಸಿ ಚಲಿಸುತ್ತಿರುವಂತೆ ಪಾದಕ್ಕೂ ಅನ್ನಿಸುವುದುಂಟು, ಮತ್ತು ಹಾಗೆ ಅನ್ನಿಸಿದರೆ ಧ್ವನಿಯ ಏರಿಕೆಯೂ ಸಮನಾಗಿರುವುದಿಲ್ಲ.

ಪ್ರಶ್ನೆ: ಸದ್ದು ಬರುವ ನಿಖರವಾದ ಜಾಗವನ್ನು ಪತ್ತೆ ಮಾಡುವುದು ಹೇಗೆ?

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ವ್ಯರ್ಥವಲ್ಲ. ದುರಸ್ತಿಗಿಂತ ಹೆಚ್ಚು ತಾಳ್ಮೆ ಬೇಡುವುದು ಪತ್ತೆಯ ಕೆಲಸವೇ. ಮೊದಲು ಪೆಡಲನ್ನು ಅದನ್ನು ಕೂರಿಸಿರುವ ಹಲಗೆಯಿಂದ (ಪೆಡಲ್ ಬೋರ್ಡಿನಿಂದ) ಬಿಡಿಸಿ ಮೇಜಿನ ಮೇಲೆ ದಪ್ಪ ಬಟ್ಟೆಯೊಂದನ್ನು ಹಾಸಿ ಅದರ ಮೇಲಿಡಿ. ಸದ್ದು ಅಲ್ಲಿಗೇ ನಿಂತುಹೋದರೆ ದೋಷ ಪೆಡಲಿನದ್ದಲ್ಲ. ಅದರ ರಬ್ಬರ್ ಪಾದಗಳು ನೆಲಕ್ಕೆ ಉಜ್ಜುತ್ತಿವೆ, ಅಥವಾ ಪೆಡಲುಗಳನ್ನು ಕೂರಿಸಿರುವ ಹಲಗೆಯೇ ಸಡಿಲವಾಗಿದೆ. ಹಲಗೆಯ ಮೇಲಿನ ಅಂಟುಪಟ್ಟಿ ಸಡಿಲವಾಗಿ ಅದರ ಕೊಕ್ಕೆಗಳು ಬಿಟ್ಟು ಕೂಡುವಾಗಲೂ ಚರಚರ ಸದ್ದು ಬರುತ್ತದೆ.

ಸದ್ದು ಮುಂದುವರಿದರೆ, ತುಳಿಹಲಗೆಯನ್ನು ಕೈಯಿಂದ ನಿಧಾನವಾಗಿ ಆಡಿಸುತ್ತ ಯಾವ ಕೋನದಲ್ಲಿ ಸದ್ದು ಬರುತ್ತದೆ ಎಂಬುದನ್ನು ಗಮನಿಸಿ. ಇಡೀ ಚಲನೆಯುದ್ದಕ್ಕೂ ಬಂದರೆ ಕೀಲು ಅಥವಾ ರಾಟೆಯ ಮೇಲೆ ಅನುಮಾನ ಪಡಬೇಕು. ಒಂದೇ ಜಾಗದಲ್ಲಿ ಬಂದರೆ ದಾರದ ಗಂಟು, ಮುರಿದ ಹಲ್ಲು, ಅಥವಾ ತಂತಿಯೊಂದು ಚಲಿಸುವ ಭಾಗಕ್ಕೆ ತಾಗುತ್ತಿರುವುದು ಕಾರಣವಾಗಿರುತ್ತದೆ. ದಿಕ್ಕು ಬದಲಿಸುವಾಗ ಮಾತ್ರ ಟಿಕ್ಕೆಂದರೆ ಎಲ್ಲೋ ಸಡಿಲವಿದೆ ಎಂದರ್ಥ. ಹಲಗೆಯನ್ನು ಪಕ್ಕಕ್ಕೆ ಒತ್ತಿ ಹಿಡಿದು ಆಡಿಸಿದಾಗ ಸದ್ದು ಹೆಚ್ಚಾದರೆ ಅಥವಾ ಮಾಯವಾದರೆ ತಪ್ಪು ಬಹುಪಾಲು ಕೀಲಿನದ್ದೇ.

ಬಳಿಕ ತಳದ ತಗಡನ್ನು ತೆಗೆದು ಅದೇ ಪರೀಕ್ಷೆಯನ್ನು ಪುನರಾವರ್ತಿಸಿ. ತೆಗೆದಾಗ ಸದ್ದು ನಿಂತರೆ ತಗಡೇ ಅದುರುತ್ತಿತ್ತೆಂದು ತಿಳಿಯಬಹುದು. ಇಲ್ಲವಾದರೆ ಉದ್ದನೆಯ ಮರದ ಕಡ್ಡಿಯ ಒಂದು ತುದಿಯನ್ನು ಕಿವಿಯ ಹಿಂಬದಿಯ ಎಲುಬಿಗೆ ಒತ್ತಿ, ಇನ್ನೊಂದು ತುದಿಯನ್ನು ಕೀಲು, ಸ್ಪ್ರಿಂಗಿನ ಕೊಕ್ಕೆ, ಪಾಟ್‌ನ ಮೈ ಹೀಗೆ ಒಂದೊಂದಕ್ಕೂ ತಾಗಿಸುತ್ತ ಹೋದರೆ, ಸದ್ದು ಅತ್ಯಂತ ಗಟ್ಟಿಯಾಗಿ ಕೇಳಿಸುವ ಜಾಗ ತಾನಾಗಿ ತಿಳಿಯುತ್ತದೆ. ನೋಡಿದವರಿಗೆ ವಿಚಿತ್ರವಾಗಿ ಕಂಡರೂ ಈ ವಿಧಾನ ಕೈಕೊಡುವುದು ಅಪರೂಪ.

ಪ್ರಶ್ನೆ: ಬಿಚ್ಚುವ ಮೊದಲು ಏನೇನು ಸಿದ್ಧಪಡಿಸಿಕೊಳ್ಳಬೇಕು?

ಸರಿಯಾದ ಅಳತೆಯ ಸ್ಕ್ರೂಡ್ರೈವರ್, ಆರು ಮೂಲೆಯ ಅಲೆನ್ ಕೀಲಿಗಳು, ಚಿಕ್ಕ ಇಕ್ಕಳ, ಎಳೆ ಬಿಡದ ಬಟ್ಟೆ, ಹತ್ತಿಯ ಕಡ್ಡಿಗಳು, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಸ್ಕ್ರೂಗಳನ್ನು ಹಾಕಿಡಲು ಒಂದು ಬಟ್ಟಲು ಇದ್ದರೆ ಸಾಕು. ವಿದ್ಯುತ್ ಪೂರೈಕೆ ಅಥವಾ ಬ್ಯಾಟರಿ ಇರುವ ಪೆಡಲಾಗಿದ್ದರೆ ಅದನ್ನು ಮೊದಲು ಕಳಚಿಡಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ದಾರವು ರಾಟೆಯನ್ನು ಯಾವ ದಿಕ್ಕಿನಿಂದ ಎಷ್ಟು ಸುತ್ತು ಸುತ್ತಿದೆ ಎಂಬುದು ಬಿಚ್ಚುವಾಗ ನೆನಪಿರುವಷ್ಟು ಸುಲಭವೆನಿಸಿದರೂ ಜೋಡಿಸುವಾಗ ನೆನಪಿಗೆ ಬರುವುದಿಲ್ಲ. ಸ್ಪ್ರಿಂಗ್ ಬಿಗಿಯಾಗಿರುವುದರಿಂದ ಅದನ್ನು ಕೊಕ್ಕೆಯಿಂದ ಬಿಡಿಸುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕವಿರಲಿ.

ಪ್ರಶ್ನೆ: ಕೀಲು ಕಿರುಗುಟ್ಟುತ್ತಿದ್ದರೆ ಏನು ಮಾಡಬೇಕು?

ಕೀಲಿನಲ್ಲಿ ಸಾಮಾನ್ಯವಾಗಿ ಲೋಹದ ಒಂದು ಸರಳು, ಅದರ ಎರಡೂ ತುದಿಗಳಲ್ಲಿ ನೈಲಾನ್ ಅಥವಾ ಹಿತ್ತಾಳೆಯ ಚಿಕ್ಕ ಕೊಳವೆಗಳಾದ ಬುಷ್‌ಗಳು, ಕೆಲವೊಮ್ಮೆ ತೆಳುವಾದ ವಾಷರ್‌ಗಳು ಇರುತ್ತವೆ. ಮೊದಲು ಬಿಗಿತವನ್ನು ಪರೀಕ್ಷಿಸಿ. ಹಲಗೆ ಪಕ್ಕಕ್ಕೆ ಅಲುಗಾಡುತ್ತಿದ್ದರೆ ಸರಳಿನ ಸ್ಕ್ರೂ ಅಥವಾ ನಟ್ ಸಡಿಲವಾಗಿದ್ದು, ಓರೆಯಾಗಿ ಕೂತ ಸರಳು ಬುಷ್‌ನ ಅಂಚನ್ನು ಕೊರೆಯುತ್ತಿರುತ್ತದೆ. ನಟ್ಟನ್ನು ಕಾಲು ಸುತ್ತಿನಷ್ಟು ಬಿಗಿಮಾಡಿ ಪರೀಕ್ಷಿಸಿ, ಅಗತ್ಯವಿದ್ದರೆ ಇನ್ನಷ್ಟು. ಒಂದೇ ಸಲಕ್ಕೆ ಬಲವಾಗಿ ಬಿಗಿದರೆ ಹಲಗೆ ತುಳಿಯಲಾರದಷ್ಟು ಗಡುಸಾಗುವುದಲ್ಲದೆ ನೈಲಾನ್ ಬುಷ್ ಸೀಳಬಹುದು. ಕೆಲವು ಪೆಡಲುಗಳಲ್ಲಿ ಹಲಗೆಯ ಗಡುಸುತನವನ್ನು ಹೊಂದಿಸಲೆಂದೇ ಒಂದು ಸ್ಕ್ರೂ ಇರುತ್ತದೆ. ಅದನ್ನು ಕೀಲಿನ ಬಿಗಿತದೊಂದಿಗೆ ಗೊಂದಲ ಮಾಡಿಕೊಳ್ಳಬಾರದು.

ಬಿಗಿತ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಸರಳನ್ನು ಹೊರಗೆಳೆದು, ಸರಳನ್ನೂ ಬುಷ್‌ಗಳ ಒಳಮೈಯನ್ನೂ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಕೊಳೆ ಹೋಗುವವರೆಗೆ ಒರೆಸಿ. ಸರಳಿನ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಬಹಳ ನಯವಾದ ಉಕ್ಕಿನ ನಾರಿನಿಂದ ತಿಕ್ಕಿ, ಆದರೆ ಈ ಕೆಲಸವನ್ನು ಪೆಡಲಿನಿಂದ ದೂರದಲ್ಲಿ ಮಾಡಿ. ಉದುರಿದ ಉಕ್ಕಿನ ಎಳೆ ಪಾಟ್‌ನೊಳಗೆ ಅಥವಾ ಜ್ಯಾಕಿನೊಳಗೆ ಸೇರಿದರೆ ಒಂದು ತೊಂದರೆಯ ಬದಲು ಇನ್ನೊಂದು ಹುಟ್ಟುತ್ತದೆ. ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಸವರಿ ಮತ್ತೆ ಜೋಡಿಸಿ. ಬುಷ್ ಅಂಡಾಕಾರಕ್ಕೆ ಸವೆದಿದ್ದರೆ ಯಾವ ಗ್ರೀಸೂ ಹೆಚ್ಚು ದಿನ ಬಾಳುವುದಿಲ್ಲ, ಬುಷ್ಷನ್ನೇ ಬದಲಿಸಬೇಕು.

ಪ್ರಶ್ನೆ: ದಾರವಿರುವ ಪೆಡಲಿನಲ್ಲಿ ದಾರವೇ ಸದ್ದು ಮಾಡುತ್ತಿದೆ. ಅದಕ್ಕೆ ಎಣ್ಣೆ ಹಚ್ಚಬಹುದೇ?

ಹಚ್ಚಬಾರದು. ದಾರವು ರಾಟೆಯನ್ನು ಹಿಡಿದು ತಿರುಗಿಸುವುದು ಘರ್ಷಣೆಯ ಬಲದಿಂದಲೇ. ಆ ಘರ್ಷಣೆಯನ್ನು ಕಿತ್ತುಕೊಂಡರೆ ಹಲಗೆ ಚಲಿಸುತ್ತದೆ, ಪಾಟ್ ಮಾತ್ರ ಹಿಂದೆ ಬೀಳುತ್ತದೆ. ಆಗ ಪೆಡಲನ್ನು ಪೂರ್ತಿ ಮುಂದಕ್ಕೆ ತುಳಿದರೂ ಧ್ವನಿ ಪೂರ್ತಿ ಏರುವುದಿಲ್ಲ, ಪೂರ್ತಿ ಹಿಂದಕ್ಕೆ ತಂದರೂ ಧ್ವನಿ ಪೂರ್ತಿ ಆರುವುದಿಲ್ಲ.

ನಿಜವಾಗಿ ದಾರ ಕಿರುಗುಟ್ಟುವುದು ಅದು ರಾಟೆಯ ಮೇಲೆ ಕೂದಲೆಳೆಯಷ್ಟು ಜಾರುತ್ತಿರುವುದರಿಂದ, ಅಥವಾ ಸುತ್ತುಗಳು ಒಂದರ ಮೇಲೊಂದು ಏರಿ ಪರಸ್ಪರ ಉಜ್ಜುವುದರಿಂದ. ದಾರವನ್ನು ಬಿಡಿಸಿ, ರಾಟೆಯ ತೋಡನ್ನು ಆಲ್ಕೊಹಾಲಿನಿಂದ ಶುಚಿಮಾಡಿ, ಸುತ್ತುಗಳು ಪಕ್ಕಪಕ್ಕದಲ್ಲಿ ಕೂರುವಂತೆ ಮತ್ತೆ ಸುತ್ತಿದರೆ ಹೆಚ್ಚಿನ ವೇಳೆ ಸದ್ದು ಅಡಗುತ್ತದೆ. ಸ್ಪ್ರಿಂಗ್ ಸೋತು ದಾರ ಜೋಲುತ್ತಿದ್ದರೂ ಇದೇ ಸದ್ದು ಬರುತ್ತದೆ. ಆಗ ಸ್ಪ್ರಿಂಗನ್ನು ಬದಲಿಸಬೇಕು. ಕೆಲವರು ದಾರಕ್ಕೆ ಮೇಣ ಸವರುತ್ತಾರೆ. ಆರಂಭದಲ್ಲಿ ಸದ್ದು ತಗ್ಗುವುದು ಹೌದಾದರೂ ಮೇಣಕ್ಕೆ ಧೂಳು ಮೆತ್ತಿಕೊಂಡು ತೋಡಿನಲ್ಲಿ ಗಟ್ಟಿಯಾಗುವುದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ದಾರದ ಎಳೆಗಳು ಬಿಚ್ಚಿಕೊಂಡು ತುಪ್ಪಳದಂತೆ ಎದ್ದಿದ್ದರೆ ದುರಸ್ತಿಯ ಯೋಚನೆ ಬಿಟ್ಟು ಹೊಸ ದಾರವನ್ನೇ ಹಾಕಿ. ಹಳೆಯದು ಹರಿಯುವುದು ಕಾರ್ಯಕ್ರಮದ ನಡುವೆಯೇ.

ಪ್ರಶ್ನೆ: ದಾರವನ್ನು ನಾನೇ ಬದಲಿಸಬಹುದೇ?

ಬದಲಿಸಬಹುದು, ಬೆಸುಗೆಯ ಅಗತ್ಯವಿಲ್ಲ. ಪೆಡಲ್ ತಯಾರಕರು ಮಾರುವ ಬದಲಿ ದಾರವನ್ನೇ ಬಳಸುವುದು ಲೇಸು. ಹೊಲಿಗೆಯ ನೈಲಾನ್ ದಾರ ಹಿಗ್ಗುತ್ತದೆ, ಹಿಗ್ಗಿದ ದಾರ ಜಾರುತ್ತದೆ. ಈ ಕೆಲಸಕ್ಕೆ ಬಳಕೆಯಲ್ಲಿರುವ ಕೆವ್ಲಾರ್ ದಾರ ಬಹಳ ಗಟ್ಟಿಯಾದದ್ದು. ಅದನ್ನು ಹರಿತವಾದ ಕತ್ತರಿಯಿಂದಲೇ ಕತ್ತರಿಸಬೇಕು, ಮತ್ತು ಅದು ನೈಲಾನಿನಂತೆ ಕರಗುವ ವಸ್ತುವಲ್ಲವಾದ್ದರಿಂದ ತುದಿಯನ್ನು ಬೆಂಕಿಗೆ ಹಿಡಿದು ಮುದ್ದೆ ಮಾಡಲಾಗುವುದಿಲ್ಲ. ಗಂಟು ಬಿಚ್ಚದಂತೆ ಒಂದು ಹನಿ ಗಟ್ಟಿ ಅಂಟನ್ನು ಗಂಟಿಗಷ್ಟೇ ಹಾಕಿ.

ಹಲಗೆಯನ್ನು ಹಿಮ್ಮಡಿಯ ಕಡೆಗೆ, ಅಂದರೆ ಧ್ವನಿ ಪೂರ್ತಿ ಇಳಿದ ಸ್ಥಿತಿಗೆ ತಂದು, ಪಾಟ್ ಅನ್ನು ಅದರ ಕನಿಷ್ಠ ತುದಿಗೆ ತಿರುಗಿಸಿ, ಅಲ್ಲಿಂದ ಒಂದಿಷ್ಟೇ ಹಿಂದಕ್ಕೆ ತಂದು ನಿಲ್ಲಿಸಿ. ಹಳೆಯ ಚಿತ್ರದಲ್ಲಿರುವಂತೆಯೇ ದಾರವನ್ನು ಸುತ್ತಿ ಸ್ಪ್ರಿಂಗಿಗೆ ಕೊಕ್ಕೆ ಹಾಕಿದ ಮೇಲೆ ಹಲಗೆಯನ್ನು ಪೂರ್ತಿ ಮುಂದಕ್ಕೆ ತುಳಿದು, ಹಲಗೆ ತನ್ನ ತಡೆಗೆ ತಾಗುವ ಮೊದಲು ಪಾಟ್ ತನ್ನ ಕೊನೆಗೆ ಬಡಿಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಾಗೆ ಬಡಿಯುತ್ತಿದ್ದರೆ ಪ್ರತಿ ತುಳಿತದಲ್ಲೂ ದಾರ ಜಾರಿ ಮತ್ತೆ ಕಿರುಗುಟ್ಟುತ್ತದೆ, ಹೊಸ ದಾರ ಬೇಗನೆ ಸವೆಯುತ್ತದೆ.

ಪ್ರಶ್ನೆ: ನನ್ನದು ಹಲ್ಲುಪಟ್ಟಿಯ ಪೆಡಲು. ಅದರಲ್ಲಿ ಏನನ್ನು ನೋಡಬೇಕು?

ಹಲ್ಲುಪಟ್ಟಿಯ ಹಿಂಬದಿಯಲ್ಲಿ ಅದನ್ನು ಹಲ್ಲುಚಕ್ರಕ್ಕೆ ಒತ್ತಿಹಿಡಿಯುವ ಚಿಕ್ಕ ಪ್ಲಾಸ್ಟಿಕ್ ಅಥವಾ ಲೋಹದ ತುಂಡೊಂದು ಇರುತ್ತದೆ. ಒತ್ತಡ ಹೆಚ್ಚಾದರೆ ಪಟ್ಟಿ ಅದಕ್ಕೆ ಉಜ್ಜಿ ಕಿರುಗುಟ್ಟುತ್ತದೆ. ಕಡಿಮೆಯಾದರೆ ಹಲ್ಲುಗಳು ಸರಿಯಾಗಿ ಕೂಡದೆ ದಿಕ್ಕು ಬದಲಿಸುವಾಗ ಟಕ್ಕೆನ್ನುತ್ತವೆ, ಒಮ್ಮೊಮ್ಮೆ ಒಂದು ಹಲ್ಲು ಹಾರಿ ಪೆಡಲಿನ ವ್ಯಾಪ್ತಿಯೇ ಬದಲಾಗಿಬಿಡುತ್ತದೆ. ಅದರ ಸ್ಕ್ರೂವನ್ನು ಸಡಿಲಿಸಿ, ಪಟ್ಟಿ ಸಲೀಸಾಗಿ ಜಾರುವಷ್ಟು ಮಾತ್ರ ಒತ್ತಡವಿರುವಂತೆ ಹೊಂದಿಸಿ ಮತ್ತೆ ಬಿಗಿಮಾಡಿ. ಹಲ್ಲುಗಳ ನಡುವೆ ಸೇರಿರುವ ಕಪ್ಪು ಮೆತ್ತೆಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ಪಟ್ಟಿಯ ಬೆನ್ನಿಗೂ ಹಲ್ಲುಗಳಿಗೂ ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸನ್ನು ಅತಿ ತೆಳುವಾಗಿ ಸವರಬಹುದು. ದಾರದ ಪೆಡಲಿಗೆ ಹೇಳಿದ ನಿಷೇಧ ಇಲ್ಲಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಇಲ್ಲಿ ಚಲನೆಯನ್ನು ಸಾಗಿಸುವುದು ಹಲ್ಲುಗಳು.

ಹಲ್ಲುಚಕ್ರವನ್ನು ಪಾಟ್‌ನ ದಂಡಕ್ಕೆ ಬಿಗಿದಿರುವ ಪುಟ್ಟ ಸ್ಕ್ರೂ ಸಡಿಲವಾದರೂ ಇದೇ ಬಗೆಯ ಟಕ್ ಸದ್ದು ಬರುತ್ತದೆ. ಪಟ್ಟಿಯನ್ನು ದೂರುವ ಮೊದಲು ಅದನ್ನು ನೋಡಿ.

ಪ್ರಶ್ನೆ: ಸ್ಪ್ರಿಂಗ್ ಟಣ್ಣೆನ್ನುತ್ತದೆ. ಇದಕ್ಕೆ ಪರಿಹಾರವೇನು?

ಸ್ಪ್ರಿಂಗಿನ ಎರಡು ತುದಿಯ ಕೊಕ್ಕೆಗಳು ಲೋಹಕ್ಕೆ ತಾಗುವಲ್ಲಿ ಒಂದು ಚುಕ್ಕೆ ಗ್ರೀಸ್ ಇಡಿ. ಸುರುಳಿಯೇ ಅನುರಣಿಸುತ್ತಿದ್ದರೆ ಅದರೊಳಕ್ಕೆ ತೆಳುವಾದ ಸ್ಪಂಜಿನ ಪಟ್ಟಿಯೊಂದನ್ನು ತುರುಕಿದರೆ ಸಾಕು. ಚಲನೆಗೆ ಅದರಿಂದ ಅಡ್ಡಿಯಿಲ್ಲ.

ಪ್ರಶ್ನೆ: ಪಾಟ್‌ನ ದಂಡವೇ ಕಿರುಗುಟ್ಟುತ್ತಿದ್ದರೆ?

ದಾರ ಅಥವಾ ಹಲ್ಲುಪಟ್ಟಿಯನ್ನು ಬಿಡಿಸಿ ಪಾಟ್ ಅನ್ನು ಬೆರಳುಗಳಿಂದ ತಿರುಗಿಸಿ ನೋಡಿ. ಒಳ್ಳೆಯ ಸ್ಥಿತಿಯಲ್ಲಿರುವ ಪಾಟ್ ಸಮನಾದ, ತುಸು ಜಿಗುಟಾದ ಪ್ರತಿರೋಧದೊಂದಿಗೆ ತಿರುಗುತ್ತದೆ. ಆ ಜಿಗುಟುತನ ತಯಾರಕರು ದಂಡಕ್ಕೆ ಹಾಕಿದ ಗ್ರೀಸಿನದು. ಅದು ಒಣಗಿದಾಗ ದಂಡ ತನ್ನ ಕೊಳವೆಯಲ್ಲಿ ಕೀರಲು ಸದ್ದು ಮಾಡುತ್ತದೆ.

ಹೆಚ್ಚಿನ ಜನ ಇಲ್ಲಿ ದುಡುಕುತ್ತಾರೆ. ಕೈಗೆ ಸಿಕ್ಕ ಸ್ಪ್ರೇಯನ್ನು ಪಾಟ್‌ನೊಳಕ್ಕೆ ಧಾರಾಳವಾಗಿ ಸಿಂಪಡಿಸುತ್ತಾರೆ. ದ್ರಾವಕವು ಉಳಿದಿದ್ದ ಗ್ರೀಸನ್ನೂ ತೊಳೆದುಹಾಕಿ, ಅದರ ಕೊಳೆಯನ್ನು ಇಂಗಾಲದ ಪಥದ ಮೇಲೆ ಹರಡುತ್ತದೆ. ಒಂದೆರಡು ದಿನ ಸದ್ದಿಲ್ಲದೆ ಸಾಗಿದ ಪೆಡಲು ಆಮೇಲೆ ಮೊದಲಿಗಿಂತ ಹೆಚ್ಚು ಕಿರುಗುಟ್ಟುತ್ತದೆ, ಜೊತೆಗೆ ಸ್ಪೀಕರಿನಲ್ಲಿ ಕರಕರವೂ ಸೇರಿಕೊಳ್ಳುತ್ತದೆ. ಪಾಟ್‌ಗಳಿಗೆಂದೇ ತಯಾರಾದ, ಜಾರುಗುಣವೂ ಸೇರಿರುವ ದ್ರವಗಳಿವೆ. ಕೈಗ್ ಸಂಸ್ಥೆಯ ಡಿಆಕ್ಸಿಟ್ ಫೇಡರ್ ಸರಣಿ ಅಂಥದ್ದು. ಅದನ್ನು ಪಾಟ್‌ನ ಬೆನ್ನಿನ ಸಂದಿಯಿಂದ ಒಂದು ಚಿಮ್ಮಿನಷ್ಟು ಮಾತ್ರ ಹಾಕಿ, ತುದಿಯಿಂದ ತುದಿಗೆ ಹಲವು ಬಾರಿ ತಿರುಗಿಸಿ, ಹೆಚ್ಚಾದದ್ದನ್ನು ಒರೆಸಿ. ದಂಡದ ಬಳಿಗೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಮಂದ ಗ್ರೀಸ್ ಸಾಕು. ಪೂರ್ತಿ ಮುಚ್ಚಿದ ಪಾಟ್ ಆಗಿದ್ದರೆ ಒಳಗೆ ಏನನ್ನೂ ಹಾಕಲಾಗದು, ಬದಲಿಸುವುದೇ ದಾರಿ.

ಪ್ರಶ್ನೆ: ತುಕ್ಕು ಬಿಡಿಸಲು ಬಳಸುವ ಸಾಮಾನ್ಯ ಸ್ಪ್ರೇ ಅಥವಾ ಅಡುಗೆ ಎಣ್ಣೆಯಿಂದ ಕೆಲಸವಾಗುವುದಿಲ್ಲವೇ?

ಅಡುಗೆ ಎಣ್ಣೆ ಗಾಳಿಗೆ ಒಡ್ಡಿಕೊಂಡು ಕಾಲಕ್ರಮೇಣ ಅಂಟಾಗುತ್ತದೆ, ಆದ್ದರಿಂದ ಅದರ ಮಾತೇ ಬೇಡ. ತುಕ್ಕು ಬಿಡಿಸುವ ಸ್ಪ್ರೇಗಳಲ್ಲಿ ದ್ರಾವಕವೇ ಹೆಚ್ಚಿನ ಪಾಲು. ಅದು ಆವಿಯಾದ ಮೇಲೆ ಉಳಿಯುವ ಎಣ್ಣೆಯ ಪೊರೆ ಬಹಳ ತೆಳು. ಹಾಗಾಗಿ ಅವು ಸಿಕ್ಕಿಕೊಂಡ ಸ್ಕ್ರೂವನ್ನು ಬಿಡಿಸಲು ಒಳ್ಳೆಯವು, ವರ್ಷಗಟ್ಟಲೆ ತೂಗುವ ಕೀಲಿಗೆ ಅಲ್ಲ. ಲೋಹದ ಮೇಲೆ ಲೋಹ ಜಾರುವ ಕಡೆ ಬಿಳಿ ಲಿಥಿಯಂ ಗ್ರೀಸ್ ಬಾಳಿಕೆ ಬರುತ್ತದೆ. ಪ್ಲಾಸ್ಟಿಕ್, ನೈಲಾನ್ ಅಥವಾ ರಬ್ಬರ್ ಇರುವ ಕಡೆ ಸಿಲಿಕೋನ್ ಗ್ರೀಸ್ ಸುರಕ್ಷಿತ. ಪೆಟ್ರೋಲಿಯಂ ಮೂಲದ ಎಣ್ಣೆಗಳು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತವೆ, ಹಲವು ಬಗೆಯ ರಬ್ಬರನ್ನು ಉಬ್ಬಿಸುತ್ತವೆ. ಧೂಳು ಹೆಚ್ಚಿರುವ ಕಡೆ ನುಡಿಸುವವರಿಗೆ ಒಣಗಿದ ಮೇಲೆ ಪುಡಿಯ ಪದರವನ್ನಷ್ಟೇ ಉಳಿಸುವ ಟೆಫ್ಲಾನ್ ಲೇಪ ಅನುಕೂಲ, ಅದಕ್ಕೆ ಕೊಳೆ ಅಂಟುವುದು ಕಡಿಮೆ. ಗ್ರಾಫೈಟ್ ಪುಡಿ ವಿದ್ಯುತ್ತನ್ನು ಹರಿಸುವುದರಿಂದ ಪಾಟ್ ಮತ್ತು ಜ್ಯಾಕ್‌ಗಳ ಹತ್ತಿರ ಸುಳಿಯದಿರಲಿ.

ಪ್ರಶ್ನೆ: ಪೆಡಲನ್ನು ಪೂರ್ತಿ ಮುಂದಕ್ಕೆ ಅಥವಾ ಹಿಂದಕ್ಕೆ ತಂದಾಗ ಟಕ್ಕೆಂದು ಬಡಿಯುತ್ತದೆ. ಇದು ದೋಷವೇ?

ಹಲಗೆ ಬಂದು ನಿಲ್ಲುವ ಜಾಗದಲ್ಲಿ ರಬ್ಬರ್ ಅಥವಾ ನಾರಿನ ತುಂಡುಗಳಿರುತ್ತವೆ. ಅವು ಗಟ್ಟಿಯಾಗಿ, ಚಪ್ಪಟೆಯಾಗಿ, ಅಥವಾ ಉದುರಿಹೋಗಿ ಲೋಹಕ್ಕೆ ಲೋಹ ಬಡಿಯುತ್ತಿರಬಹುದು. ಅದೇ ದಪ್ಪದ ಅಂಟುವ ರಬ್ಬರ್ ತುಂಡನ್ನು ಹಾಕಿದರೆ ಸರಿಹೋಗುತ್ತದೆ. ದಪ್ಪ ಹೆಚ್ಚಾದರೆ ಹಲಗೆ ಮೊದಲೇ ನಿಂತು ಧ್ವನಿ ಪೂರ್ತಿ ಏರದೆ ಹೋಗುವುದರಿಂದ, ಅಂಟಿಸಿದ ಮೇಲೆ ಎರಡೂ ತುದಿಗಳಲ್ಲಿ ಧ್ವನಿಯನ್ನು ಪರೀಕ್ಷಿಸಬೇಕು.

ಪ್ರಶ್ನೆ: ಪೆಡಲು ತಾನಾಗಿ ಸದ್ದು ಮಾಡುವುದಿಲ್ಲ, ಆದರೆ ಕಾಲಿಟ್ಟಾಗಲೆಲ್ಲ ಸ್ಪೀಕರಿನಲ್ಲಿ ದಡ್ಡೆನ್ನುತ್ತದೆ. ಏಕೆ?

ಮೊದಲ ಪ್ರಶ್ನೆಯಲ್ಲಿ ಹೇಳಿದ ಮೂರನೆಯ ಬಗೆ ಇದು. ಇದಕ್ಕೆ ಕಾರಣ ಮೂರು ಕಡೆ ಇರಬಹುದು. ಜ್ಯಾಕಿನ ನಟ್ ಸಡಿಲವಾಗಿ ಪ್ಲಗ್ ಅಲುಗಾಡುತ್ತಿರುವುದು ತೀರ ಸಾಮಾನ್ಯ; ನಟ್ಟನ್ನು ಬಿಗಿಮಾಡುವಾಗ ಒಳಗಿನ ಜ್ಯಾಕ್ ಜೊತೆಗೇ ತಿರುಗಿ ತಂತಿಗಳು ಕಿತ್ತುಹೋಗದಂತೆ ಅದನ್ನು ಹಿಡಿದುಕೊಳ್ಳಿ.

ಎರಡನೆಯದು ಕೇಬಲ್. ಬಾಗಿದಾಗ ಅಥವಾ ಪೆಟ್ಟು ಬಿದ್ದಾಗ ಕೇಬಲಿನ ಒಳಪದರಗಳು ಒಂದಕ್ಕೊಂದು ಉಜ್ಜಿ ಅತ್ಯಲ್ಪ ವಿದ್ಯುದಾವೇಶ ಹುಟ್ಟುತ್ತದೆ, ಮತ್ತು ಸರ್ಕ್ಯೂಟಿನ ಪ್ರತಿರೋಧ ಹೆಚ್ಚಿದ್ದಷ್ಟೂ ಅದು ಹೆಚ್ಚು ಗಟ್ಟಿಯಾಗಿ ಕೇಳಿಸುತ್ತದೆ. ಬಫರಿನ (ವಾದ್ಯದ ಸಂಕೇತವನ್ನು ಕಡಿಮೆ ಪ್ರತಿರೋಧದಿಂದ ಮುಂದಕ್ಕೆ ಕಳುಹಿಸುವ ಚಿಕ್ಕ ಸರ್ಕ್ಯೂಟಿನ) ನಂತರ ಇಟ್ಟ 250 ಕಿಲೋಓಮ್ ಪಾಟ್ ನಡುವಣ ಸ್ಥಿತಿಯಲ್ಲಿ ಹೆಚ್ಚೆಂದರೆ ಸುಮಾರು 62 ಕಿಲೋಓಮ್ ಪ್ರತಿರೋಧವನ್ನು ಮುಂದಿನ ಕೇಬಲಿಗೆ ಒಡ್ಡುತ್ತದೆ. ಅದೇ ಜಾಗದಲ್ಲಿ 25 ಕಿಲೋಓಮ್ ಪಾಟ್ ಇದ್ದರೆ ಅದು ಸುಮಾರು 6 ಕಿಲೋಓಮ್ ಮಾತ್ರ. ಪೆಡಲಿಗೆ ಮೊದಲು ಬಫರ್ ಇಟ್ಟು ಕಡಿಮೆ ಮೌಲ್ಯದ ಪಾಟ್ ಇರುವ ಪೆಡಲನ್ನು ಬಳಸುವವರಿಗೆ ಕೇಬಲಿನ ಸದ್ದು ಕಡಿಮೆ ಕೇಳಿಸುವುದು ಇದರಿಂದಲೇ.

ಮೂರನೆಯದು ವಾದ್ಯದ್ದೇ ಗುಣ. ಪೀಜೋ ಪಿಕಪ್ ಅಥವಾ ಮೈಗೆ ಅಂಟಿಸುವ ಮೈಕ್ ಇರುವ ವಾದ್ಯಗಳು ನೆಲದ ಅದುರಾಟವನ್ನೂ ಹಿಡಿದುಕೊಳ್ಳುತ್ತವೆ. ಪೆಡಲಿನ ಕೆಳಗೆ ದಪ್ಪ ರಬ್ಬರಿನ ಹಾಸು ಹಾಕುವುದಕ್ಕಿಂತ ಹೆಚ್ಚಿನದನ್ನು ಪೆಡಲಿನ ಕಡೆಯಿಂದ ಮಾಡಲಾಗುವುದಿಲ್ಲ.

ಪ್ರಶ್ನೆ: ಸ್ಪೀಕರಿನಲ್ಲಿ ಕರಕರ ಬರುತ್ತಿದ್ದರೆ ಪಾಟ್ ಕೆಟ್ಟಿದೆ ಎಂದೇ ತಿಳಿಯಬೇಕೇ?

ಹಾಗೇನಿಲ್ಲ. ಪಾಟ್‌ನ ಪಥ ಕೊಳೆಯಾದಾಗ ಅಥವಾ ಸವೆದಾಗ ಕರಕರ ಬರುವಂತೆಯೇ, ಪೆಡಲಿಗೆ ಮೊದಲು ಇರುವ ಸಾಧನವೊಂದರ ಕೆಪಾಸಿಟರ್ ಸೋರಿ ನೇರ ವಿದ್ಯುತ್ತು ಪಾಟ್‌ಗೆ ತಲುಪಿದಾಗಲೂ ಬರುತ್ತದೆ. ವಾದ್ಯವನ್ನು ನೇರವಾಗಿ ವಾಲ್ಯೂಮ್ ಪೆಡಲಿಗೆ, ಅದನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿ ನೋಡಿ. ಕರಕರ ನಿಂತರೆ ಪಾಟ್ ನಿರಪರಾಧಿ. ನಿಲ್ಲದಿದ್ದರೆ ಮೇಲೆ ಹೇಳಿದಂತೆ ಶುಚಿಮಾಡಿ, ಆಗಲೂ ಉಳಿದರೆ ಬದಲಿಸಿ.

ಪ್ರಶ್ನೆ: ಪಾಟ್ ಬದಲಿಸುವುದಾದರೆ ಯಾವುದನ್ನು ತರಬೇಕು?

ಹಳೆಯ ಪಾಟ್‌ನ ಮೇಲೆ ಮೌಲ್ಯವನ್ನು ಮುದ್ರಿಸಿರುತ್ತಾರೆ. ಮಾಮೂಲಿ ಗಿಟಾರ್ ಪಿಕಪ್ಪುಗಳಿಗೆ ನೇರವಾಗಿ ಜೋಡಿಸುವ ಪೆಡಲುಗಳಲ್ಲಿ 250 ಅಥವಾ 500 ಕಿಲೋಓಮ್, ಬಫರಿನ ನಂತರ ಅಥವಾ ಬ್ಯಾಟರಿ ಇರುವ ಪಿಕಪ್ಪುಗಳಿಗೆ 25 ಕಿಲೋಓಮ್ ರೂಢಿಯಲ್ಲಿವೆ. ಮಾಮೂಲಿ ಪಿಕಪ್ಪಿಗೆ 25 ಕಿಲೋಓಮ್ ಜೋಡಿಸಿದರೆ ತಾರದ ಸ್ವರಗಳು ಮಂಕಾಗುತ್ತವೆ. ಮುದ್ರಣ ಅಳಿಸಿಹೋಗಿದ್ದರೆ ತಂತಿಗಳನ್ನು ಬಿಡಿಸಿ ಹೊರಗಿನ ಎರಡು ಕಾಲುಗಳ ನಡುವೆ ಮಲ್ಟಿಮೀಟರಿನಿಂದ ಅಳೆಯಿರಿ; ಮುದ್ರಿತ ಮೌಲ್ಯಕ್ಕಿಂತ ಶೇಕಡ 20ರಷ್ಟು ಆಚೀಚೆ ಇರುವುದು ಸಹಜ. ದಂಡದ ದಪ್ಪ, ಉದ್ದ, ಕೊಳವೆಯ ಅಳತೆಗಳೂ ಹೊಂದಬೇಕು, ಇಲ್ಲವಾದರೆ ರಾಟೆಯೋ ಹಲ್ಲುಚಕ್ರವೋ ಓರೆಯಾಗಿ ಕೂತು ಮತ್ತೆ ಸದ್ದು ಆರಂಭವಾಗುತ್ತದೆ. ಸಾಧಾರಣ ಇಂಗಾಲದ ಪಾಟ್‌ಗಳು ಗುಂಡಿ ತಿರುಗಿಸುವ ಅಪರೂಪದ ಬಳಕೆಗೆ ರೂಪುಗೊಂಡವು; ಪ್ರತಿ ಹಾಡಿನಲ್ಲೂ ಲೆಕ್ಕವಿಲ್ಲದಷ್ಟು ಬಾರಿ ತಿರುಗುವ ಪೆಡಲಿಗೆ ವಿದ್ಯುತ್ ಹರಿಸುವ ಪ್ಲಾಸ್ಟಿಕ್ ಪಥವಿರುವ ಪಾಟ್ ಸಿಕ್ಕರೆ, ಬೆಲೆ ಹೆಚ್ಚಾದರೂ ಅದನ್ನೇ ಆರಿಸಿಕೊಳ್ಳುವುದು ಜಾಣತನ.

ಪ್ರಶ್ನೆ: ಬೆಳಕಿನಿಂದ ಅಥವಾ ಕಾಂತದಿಂದ ಕೆಲಸ ಮಾಡುವ ಪೆಡಲುಗಳಲ್ಲಿ ಈ ತೊಂದರೆಯೇ ಇರುವುದಿಲ್ಲವೇ?

ಪಾಟ್ ಇಲ್ಲದಿರುವುದರಿಂದ ಅದು ಸವೆದು ಕರಕರ ಎನ್ನುವ ಪ್ರಶ್ನೆ ಬರುವುದಿಲ್ಲ. ಆದರೆ ಅವಕ್ಕೂ ಹಲಗೆಯಿದೆ, ಹಲಗೆಗೆ ಕೀಲಿದೆ. ಕೀಲಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಅವಕ್ಕೂ ಸಲ್ಲುತ್ತದೆ.

ಪ್ರಶ್ನೆ: ನಾಳೆಯೇ ಧ್ವನಿಮುದ್ರಣವಿದೆ, ಬಿಚ್ಚುವಷ್ಟು ಸಮಯವಿಲ್ಲ. ತಾತ್ಕಾಲಿಕವಾಗಿ ಏನು ಮಾಡಬಹುದು?

ಹೊರಗಿನಿಂದ ಕಾಣುವ ಸ್ಕ್ರೂಗಳನ್ನೆಲ್ಲ ಬಿಗಿಮಾಡಿ, ಪೆಡಲಿನ ಕೆಳಗೆ ದಪ್ಪ ಹಾಸು ಹಾಕಿ, ಕೇಬಲನ್ನು ಕಾಲಿಗೆ ತಾಗದಂತೆ ಪಕ್ಕಕ್ಕೆ ಸರಿಸಿ. ಆಂಪ್ಲಿಫೈಯರನ್ನು ಬೇರೆ ಕೋಣೆಯಲ್ಲಿಟ್ಟು ಅಲ್ಲೇ ಮೈಕ್ ಇಟ್ಟರೆ ಪೆಡಲಿನ ಕಿರುಗುಟ್ಟುವಿಕೆ ಮೈಕಿಗೆ ತಲುಪುವುದೇ ಇಲ್ಲ. ವಾದ್ಯದ ಎದುರೇ ಮೈಕ್ ಇಡುವುದು ಅನಿವಾರ್ಯವಾದರೆ, ಪೆಡಲಿಲ್ಲದೆ ನುಡಿಸಿ ಏರಿಳಿತವನ್ನು ಮುದ್ರಣದ ನಂತರ ಹೊಂದಿಸಲು ತಂತ್ರಜ್ಞರನ್ನು ಕೇಳಿಕೊಳ್ಳಿ. ಹಿಂದಿನ ರಾತ್ರಿ ಗಡಿಬಿಡಿಯಲ್ಲಿ ಸ್ಪ್ರೇ ಹೊಡೆಯುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ.

ಪ್ರಶ್ನೆ: ಯಾವಾಗ ತಂತ್ರಜ್ಞರ ಬಳಿಗೆ ಒಯ್ಯಬೇಕು?

ಕೀಲಿನ ಸರಳು ಒತ್ತಿ ಕೂರಿಸಿದ್ದಾಗಿದ್ದು ಸ್ಕ್ರೂ ಇಲ್ಲದಿದ್ದರೆ, ಎರಕದ ಮೈಯಲ್ಲಿ ಬಿರುಕು ಕಂಡರೆ, ಪಾಟ್ ಬದಲಿಸಬೇಕಾಗಿದ್ದು ನಿಮಗೆ ಬೆಸುಗೆಯ ಅಭ್ಯಾಸವಿಲ್ಲದಿದ್ದರೆ, ಅಥವಾ ಪೆಡಲು ಇನ್ನೂ ಖಾತರಿಯ ಅವಧಿಯಲ್ಲಿದ್ದರೆ ಬಿಚ್ಚುವ ಗೋಜಿಗೆ ಹೋಗದಿರುವುದೇ ಸರಿ. ಒಯ್ಯುವಾಗ ಸದ್ದು ಯಾವ ಕೋನದಲ್ಲಿ, ಯಾವ ದಿಕ್ಕಿನ ಚಲನೆಯಲ್ಲಿ ಬರುತ್ತದೆ, ಕೇಬಲಿಲ್ಲದೆಯೂ ಬರುತ್ತದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಡಲಿಗೇ ಅಂಟಿಸಿ ಕೊಡಿ, ಮತ್ತು ಈ ಮೊದಲು ಒಳಗೆ ಯಾವ ಎಣ್ಣೆ ಅಥವಾ ಸ್ಪ್ರೇ ಹಾಕಿದ್ದೀರೆಂಬುದನ್ನೂ ಅದರಲ್ಲಿ ನಮೂದಿಸಿ.